ಏಣಿ ಕೇಳದ ಸಿಸ್ಟರ್

ಇದನ್ನು ನೀವು ನಂಬುವುದಿಲ್ಲ. ನಾನು ಹೇಳಿದ್ದನ್ನು ಸುಲಭಕ್ಕೆ ನಂಬುವ ಅಭ್ಯಾಸವನ್ನು ನಮ್ಮ ಊರಿನಲ್ಲೇ ಯಾರೂ ಇಟ್ಟುಕೊಂಡಿಲ್ಲ, ಹೊರಗಿನವರಾದ ನೀವು ಯಾಕೆ ಶುರು ಮಾಡುತ್ತೀರಿ? ಆದರೂ ಹೇಳುತ್ತೇನೆ. ನಮ್ಮ ಕೋಡಿಂಬಾಳದಲ್ಲಿ ಒಂದು ಏಣಿಯ ಸಲುವಾಗಿ ಒಂದೂಕಾಲು ಗಂಟೆಯ ಹಾಸ್ಯ ನಾಟಕ ನಡೆದಿದೆ. ಏಣಿ ಸಿಸ್ಟರದ್ದು. ಅದು ಇದ್ದದ್ದು ನಮ್ಮ ಮನೆಯ ಶೆಡ್ಡಿನಲ್ಲಿ. ನಾಟಕ ಬರೆದದ್ದು ನಾನು, ಮುಖ್ಯ ಪಾತ್ರ ಮಾಡಿದ್ದು ನಾನು, ಪೋಸ್ಟರಿನಲ್ಲಿ ಎಲ್ಲರಿಗಿಂತ ದೊಡ್ಡ ಫೋಟೋ ನನ್ನದು (ಪೋಸ್ಟರ್ ಮಾಡಿದ್ದೂ ನಾನೇ). ಆದರೆ ಒಬ್ಬ ಮನುಷ್ಯ ಬಾಯಿ ತೆರೆದು ಒಂದು ಮಾತು ಹೇಳುವಾಗ ಅವನ ಹೊಟ್ಟೆಯೊಳಗೆ ಬೇರೆ ಯಾವ ಮಾತು ಕಾಲು ಮಡಚಿ ಕೂತಿರುತ್ತದೆ ಎಂದು ನೋಡಲು ಕಲಿಸಿದವರು ಸಿಸ್ಟರ್. ಅವರು ಈಗ ಊರಿನಲ್ಲಿಲ್ಲ. ಗಡಿಯಾಚೆ ಇರಿಟ್ಟಿಯಲ್ಲಿ ತಂಗಿಯ ಮನೆಯ ಪಕ್ಕ ಇದ್ದಾರೆ. ಯುವಕ ಮಂಡಲದವರು ಸ್ಮರಣ ಸಂಚಿಕೆಗೆ ಅವರ ಬಗ್ಗೆ ಒಂದು ಪುಟ ಬರೆದುಕೊಡು ಎಂದರು. ಒಂದು ಪುಟವಂತೆ! ಅವರ ಚಪ್ಪಲಿಗೇ ಒಂದು ಪುಟ ಬೇಕು.

ಸಿಸ್ಟರ್ ಎಂದರೆ ಕಾನ್ವೆಂಟಿನ ಸಿಸ್ಟರ್ ಅಲ್ಲ, ಸರಕಾರಿ ಆರೋಗ್ಯ ಕೇಂದ್ರದ ಸಿಸ್ಟರ್. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಮನೆಮನೆ ಹತ್ತಿ ಇಳಿದವರು. ನಮ್ಮ ಕಡೆ ಅವರು ಸೂಜಿ ಚುಚ್ಚದ ತೊಡೆ ಒಂದಿದ್ದರೆ ಅದು ನಿನ್ನೆ ಮೊನ್ನೆ ಹುಟ್ಟಿದ್ದೇ ಇರಬೇಕು. ಅವರ ಅಪ್ಪ ಅಮ್ಮ ಮಲಯಾಳ ನಾಡಿನ ಪಾಲಾ ಕಡೆಯಿಂದ ಬಂದು ಇಲ್ಲಿ ರಬ್ಬರ್ ಹಾಕಿದವರು. ಸಿಸ್ಟರ್ ಹುಟ್ಟಿದ್ದು ಇಲ್ಲೇ. ತುಳು ನಮ್ಮಷ್ಟೇ ಬರುತ್ತಿತ್ತು, ಕನ್ನಡ ನಮ್ಮ ಕನ್ನಡ ಸರ್‌ಗಿಂತ ಚೆನ್ನಾಗಿ ಬರುತ್ತಿತ್ತು. ಬೈಯುವುದು ಮತ್ತು ನನ್ನನ್ನು ಮೋನೇ, ಅಂದರೆ ಮಗನೇ, ಎಂದು ಕರೆಯುವುದು ಮಾತ್ರ ಮಲಯಾಳದಲ್ಲಿ. ನನಗೆ ಮಲಯಾಳ ಅರ್ಥವಾಗಲು ಶುರುವಾದದ್ದು ಹಾಗೆಯೇ.

ನಾಟಕಕ್ಕೂ ಅವರಿಗೂ ಎಂತ ಸಂಬಂಧ ಎಂದು ಕೇಳಬಹುದು. ಹಿಂದೆ ಒಮ್ಮೆ ಮಲೇರಿಯಾ ಬಗ್ಗೆ ಬೀದಿ ನಾಟಕ ಮಾಡಿಸಬೇಕು ಎಂದು ಮೇಲಿನಿಂದ ಆರ್ಡರ್ ಬಂತಂತೆ. ಬರೆಯುವ ಕೆಲಸ ಸಿಸ್ಟರ ತಲೆಗೆ ಬಿತ್ತು. ಇವರು ಸೊಳ್ಳೆಗೆ ಎಷ್ಟು ಚಂದದ ಮಾತು ಬರೆದರೆಂದರೆ, ಕೊನೆಯಲ್ಲಿ ಸೊಳ್ಳೆ ಸಾಯುವಾಗ ಜನ "ಛೆ, ಪಾಪ" ಎಂದರಂತೆ. ಅಲ್ಲಿಗೆ ಇಲಾಖೆಯವರು ಅವರನ್ನು ನಾಟಕದಿಂದ ಬಿಡಿಸಿದರು, ನಮ್ಮ ಯುವಕ ಮಂಡಲದವರು ಹಿಡಿದುಕೊಂಡರು. ಆಮೇಲೆ ಪ್ರತಿ ವಾರ್ಷಿಕೋತ್ಸವದ ನಾಟಕಕ್ಕೆ ಅವರೇ ನಿರ್ದೇಶಕಿ, ಅವರೇ ಸೈಡ್‌ವಿಂಗಿನಲ್ಲಿ ಟಾರ್ಚ್ ಹಿಡಿದು ಮಾತು ಹೇಳಿಕೊಡುವವರು.

ಈಗ ಚಪ್ಪಲಿ. ಸಿಸ್ಟರ್ ಜೀವಮಾನವಿಡೀ ಹಾಕಿದ್ದು ಬಕಲ್ ಇರುವ ಚಪ್ಪಲಿ. ಒಂದು ಕಾಲಿಗೆ ಎರಡು ಬಕಲ್. ಒಮ್ಮೆ ಪುತ್ತೂರಿನ ಅಂಗಡಿಯಲ್ಲಿ ನಾನೂ ಜೊತೆಗಿದ್ದೆ. ಅಂಗಡಿಯ ಹುಡುಗ ಹೊಸ ಮಾಡೆಲ್ ತೋರಿಸಿ, "ಇದು ನೋಡಿ ಮೇಡಂ, ಸುಲಭ, ಕಾಲು ತೂರಿಸಿದ್ರೆ ಆಯ್ತು" ಎಂದ.

"ಸುಲಭದ್ದು ಬೇಡ. ಹಾಕ್ಲಿಕ್ಕೆ ತಡ ಆಗುವಂಥದ್ದು ಉಂಟಾ?"

ಆ ಹುಡುಗ ನನ್ನ ಮುಖ ನೋಡಿದ. ನಾನು ನನಗೂ ಇವರಿಗೂ ಪರಿಚಯವೇ ಇಲ್ಲ ಎನ್ನುವ ಹಾಗೆ ಸಾಕ್ಸ್ ನೋಡತೊಡಗಿದೆ.

ಬಸ್ಸಿನಲ್ಲಿ ಕೂತ ಮೇಲೆ ಕಾರಣ ಹೇಳಿದರು. "ನಮ್ಮ ಜನ ಹೇಗೆ ಗೊತ್ತುಂಟಾ ಮೋನೇ? ಒಂದು ಗಂಟೆ ಕೂತು ಮಾತಾಡಿದ್ರೂ ವಿಷಯ ಹೇಳ್ಲಿಕ್ಕಿಲ್ಲ. ಮಳೆ, ರಬ್ಬರ್ ರೇಟು, ಮಗಳ ಮಾರ್ಕು, ದನದ ಕೆಚ್ಚಲು, ಎಲ್ಲ ಆಗ್ತದೆ. ನಾನು ಎದ್ದು ಮೆಟ್ಲಿಳಿದು ಚಪ್ಪಲಿ ಹಾಕುವಾಗ ಮೆಲ್ಲ ಬಾಯಿ ಬಿಡ್ತಾರೆ. ಸುಮ್ನೆ ತೂರಿಸುವ ಚಪ್ಪಲಿಯಾದ್ರೆ ಅಷ್ಟರಲ್ಲಿ ನಾನು ಗೇಟು ದಾಟಿರ್ತೇನೆ. ಒಂದು ರೋಗ ಹಾಗೇ ಒಳಗೆ ಉಳೀತದೆ."

ಐವರ್ನಾಡಿನಲ್ಲಿ ಒಬ್ಬರು ಹಿರಿಯರ ಮನೆಗೆ ಹೆಂಡತಿಯ ಬಿಪಿ ನೋಡಲು ಹೋಗಿದ್ದರಂತೆ. ಹಿರಿಯರು ಮುಕ್ಕಾಲು ಗಂಟೆ ಹೆಂಡತಿಯ ಕಾಯಿಲೆಯನ್ನು ವರ್ಣಿಸಿದರು. ಹೆಂಡತಿ ಕಲ್ಲಿನ ಹಾಗೆ ಗಟ್ಟಿಯಾಗಿದ್ದರು. ಸಿಸ್ಟರ್ ಮೂರನೆಯ ಬಕಲ್‌ಗೆ ಬಂದಾಗ ಹಿರಿಯರು ಆಕಾಶ ನೋಡಿಕೊಂಡು, "ಅಲ್ಲ ಸಿಸ್ಟರೇ, ಎಡಗೈ ಮರಗಟ್ಟುದು ಎಂತಕ್ಕೆ? ನನಗಲ್ಲ. ನಮ್ಮ ಗುರ್ತದವರು ಒಬ್ರಿದ್ದಾರೆ" ಎಂದರು. ಆ 'ಗುರ್ತದವರನ್ನು' ಸಿಸ್ಟರ್ ಕೂಡಲೇ ಒಂದು ಜೀಪು ಹಿಡಿದು ಸುಳ್ಯದ ಆಸ್ಪತ್ರೆಗೆ ಸಾಗಿಸಿದರು. ಬದುಕಿದರು. ನಾಲ್ಕನೆಯ ಬಕಲ್ ಹಾಕಲು ಸಮಯವೇ ಸಿಗಲಿಲ್ಲವಂತೆ.

"ನಾಟಕದ ಮಾತೂ ಅಷ್ಟೇ" ಎಂದು ಅವರು ಹೇಳುತ್ತಿದ್ದರು. "ಪಾತ್ರ ಎಂತ ಹೇಳ್ತದೆ ಅಂತ ಬರೀಬೇಡ. ಎಂತ ಹೇಳ್ಲಿಕ್ಕೆ ಬಂದು, ಹೇಳದೆ, ಬೇರೆ ಎಂತೆಲ್ಲ ಹೇಳ್ತದೆ ಅಂತ ಬರಿ."

ಈ ಬುದ್ಧಿಯೆಲ್ಲ ನನಗೆ ಬರುವ ಮೊದಲು ನಾನು ಒಂದು ನಾಟಕ ಬರೆದಿದ್ದೆ. ಹೋದ ವರ್ಷದ ವಾರ್ಷಿಕೋತ್ಸವಕ್ಕೆ. ಕತೆ ಏನೆಂದರೆ, ಒಬ್ಬ ಕಾಲು ಮುರಿದುಕೊಂಡು ಮಂಚದಲ್ಲಿ ಮಲಗಿದ್ದಾನೆ. ನೋಡಲು ನೆರೆಮನೆಯವನು ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಬರುತ್ತಾನೆ. ಅವನಿಗೆ ಬೇಕಾದದ್ದು ಹಾಲಿನ ಸೊಸೈಟಿಯ ಎಲೆಕ್ಷನಿಗೆ ರೋಗಿಯ ಓಟು. ರೋಗಿಯ ಪಾತ್ರ ನನ್ನ ಕ್ಲಾಸಿನ ಸಚಿನನದ್ದು, ಯಾಕೆಂದರೆ ಮಲಗುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬಂದವನ ಪಾತ್ರ ನನ್ನದು. ಪ್ರತಿ ಎರಡು ಮಾತಿಗೊಮ್ಮೆ ನಾನು ಜನರ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು, "ನನಗೆ ಇವನ ಕಾಲಿನ ಚಿಂತೆ ಇಲ್ಲ, ಓಟಿನ ಚಿಂತೆ!" ಎನ್ನುತ್ತಿದ್ದೆ. ಇಂತಹ ಇಪ್ಪತ್ತಮೂರು ಡಯಲಾಗ್. ಇಪ್ಪತ್ತಮೂರಕ್ಕೂ ಚಪ್ಪಾಳೆ ಬೀಳುವ ಜಾಗದಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೆ.

ಸಿಸ್ಟರ್ ತಮ್ಮ ಜಗಲಿಯ ಕಟ್ಟೆಯ ಮೇಲೆ ಕೂತು ಇಡೀ ನಾಟಕ ಓದಿದರು. ಒಮ್ಮೆಯೂ ನಗಲಿಲ್ಲ. ಕೊನೆಗೆ ಕನ್ನಡಕ ತೆಗೆದು, "ನಿನ್ನ ನಾಟಕದಲ್ಲಿ ಎಲ್ರೂ ಆಧಾರ್ ಕಾರ್ಡ್ ಕುತ್ತಿಗೆಗೆ ಹಾಕ್ಕೊಂಡೇ ಬರ್ತಾರಲ್ಲ ಮೋನೇ?" ಎಂದರು.

"ಅಂದ್ರೆ?"

"ನಾನು ಇಂಥವ, ಮನಸ್ಸಲ್ಲಿ ಇಂಥದ್ದುಂಟು ಅಂತ ಎಲ್ರೂ ಹೇಳಿಯೇ ಆಯ್ತು. ಇನ್ನು ಕೂತವರು ಎಂತ ಮಾಡುದು? ಕಡ್ಲೆ ತಿನ್ನುದಾ?"

"ಜನ ನಗ್ತಾರೆ ಸಿಸ್ಟರೇ. ನನ್ನ ಎಕ್ಸ್‌ಪ್ರೆಷನ್ ನೋಡಿ ಹೇಳಿ."

"ನಿನ್ನ ಎಕ್ಸ್‌ಪ್ರೆಷನ್ ನೀನು ಮೂರು ತಿಂಗಳ ಮಗುವಾಗಿದ್ದಾಗ, ಸೂಜಿ ಹಾಕುವಾಗಲೇ ನೋಡಿದ್ದೇನೆ. ಅದ್ರಲ್ಲಿ ಎಂತ ಸುಧಾರಣೆ ಆಗ್ಲಿಲ್ಲ." ಪುಸ್ತಕ ಮುಚ್ಚಿದರು. "ಓಟು ಕೇಳ್ಲಿಕ್ಕೆ ಯಾರಿಗೂ ನಾಚಿಕೆ ಇಲ್ಲ. ನಾಚಿಕೆ ಇಲ್ಲದ ಕಡೆ ನಗು ಎಲ್ಲಿಂದ ಬರ್ತದೆ? ಯೋಚನೆ ಮಾಡು. ನಿಮ್ಮ ಮನೇಲಿ ಬಾಯಿ ಬಿಟ್ಟು ಹೇಳ್ಲಿಕ್ಕೇ ಆಗದ್ದು ಎಂತ ಉಂಟು?"

"ಏಣಿ" ಎಂದುಬಿಟ್ಟೆ.

ನನ್ನ ಬಾಯಿ ಹಾಗೆಯೇ. ನನಗಿಂತ ಎರಡು ಹೆಜ್ಜೆ ಮುಂದೆ ಓಡುತ್ತದೆ.

ಆ ಏಣಿಯ ಕತೆ ಹೇಳಬೇಕು. ಸಿಸ್ಟರ ಗಂಡನನ್ನು ನಾವೆಲ್ಲ ಚೇಟನ್, ಅಂದರೆ ಅಣ್ಣ, ಎಂದು ಕರೆಯುತ್ತಿದ್ದೆವು. ಅವರು ಒಂದು ಏಣಿ ಮಾಡಿದ್ದರು. ಕಾಳುಮೆಣಸು ಕೊಯ್ಯಲು ಎರಡು ಬಿದಿರು, ಹನ್ನೆರಡು ಮೆಟ್ಟಿಲು, ಒದ್ದೆ ಕಾಲು ಜಾರಬಾರದು ಎಂದು ಪ್ರತಿ ಮೆಟ್ಟಿಲಿಗೂ ಹಳೆ ಟಯರಿನ ತುಂಡು. ಅವರ ಕೈಯಿಂದ ಆದ ಕೊನೆಯ ಕೆಲಸ ಅದು. ಮಾಡಿ ಮುಗಿಸಿದ ವಾರವೇ ನನ್ನ ಅಪ್ಪ ಅದನ್ನು ಎರಡು ದಿನಕ್ಕೆ ಎಂದು ತಂದರು. ಮೂರನೆಯ ದಿನ ಚೇಟನ್ ಹೃದಯಾಘಾತವಾಗಿ ತೀರಿಕೊಂಡರು.

ಸಾವಿನ ಮನೆಗೆ ಏಣಿ ಹೊತ್ತುಕೊಂಡು ಹೋಗುವುದು ಹೇಗೆ? ನಲವತ್ತನೆಯ ದಿನದ ಪ್ರಾರ್ಥನೆ ಕಳೆಯಲಿ ಎಂದರು ಅಪ್ಪ. ನಲವತ್ತೊಂದನೆಯ ದಿನ ಹೋದರೆ ದಿನ ಎಣಿಸುತ್ತಾ ಕೂತಿದ್ದರು ಎನ್ನುವ ಹಾಗಾಗುತ್ತದೆ ಎಂದು ಮತ್ತೆ ಅಪ್ಪನೇ ಹೇಳಿದರು. ಅಷ್ಟರಲ್ಲಿ ಮಳೆ ಬಂತು. ಮಳೆ ಬಿಟ್ಟ ಮೇಲೆ ಅಮ್ಮ, "ಕೆಲಸದವರ ಕೈಲಿ ಕಳ್ಸುವ" ಎಂದರು. "ಚೇಟನ್ ನನ್ನ ಹೆಗಲ ಮೇಲೆ ಇಟ್ಟು ಕಳ್ಸಿದ್ದು. ಕೆಲಸದವರ ಕೈಲಿ ಕಳ್ಸುದು ಮರ್ಯಾದೆಯಾ?" ಎಂದರು ಅಪ್ಪ. "ನಾನು ಕೊಂಡುಹೋಗ್ತೇನೆ" ಎಂದೆ. "ಅಪ್ಪನಿಗೆ ಮುಖ ಇಲ್ಲ, ಮಗನನ್ನು ಕಳ್ಸಿದ ಅಂತ ಊರವರು ಹೇಳ್ಲಿಕ್ಕಾ?" ಎಂದರು ಅಪ್ಪ. ಹೀಗೆ ಎರಡು ವರ್ಷ. ಒಂದೊಂದು ತಿಂಗಳು ತಡವಾದ ಹಾಗೆ ಏಣಿ ಒಂದೊಂದು ಕ್ವಿಂಟಾಲ್ ಭಾರವಾಗುತ್ತಾ ಹೋಯಿತು. ಸಿಸ್ಟರ ಗೇಟಿನ ಮುಂದೆ ಹಾದುಹೋಗಬಾರದು ಎಂದು ಅಪ್ಪ ಅಂಗಡಿಗೆ ಕೆಳಗೆ ನೀರು ಹರಿಯುವ ತೋಡಿನ ಬದಿಯಿಂದ ಒಂದೂವರೆ ಕಿಲೋಮೀಟರ್ ಸುತ್ತು ಹಾಕಿ ಹೋಗುತ್ತಿದ್ದರು. ಆ ಎರಡು ವರ್ಷದ ಸುತ್ತನ್ನು ಉದ್ದಕ್ಕೆ ಹಾಸಿದರೆ ಕಬಕದಿಂದ ಕಾಶಿಗೆ ಮುಟ್ಟಿ, ಸ್ನಾನ ಮಾಡಿ, ಅರ್ಧ ದಾರಿ ವಾಪಸು ಬರಬಹುದಿತ್ತು. ಅವರ ಶುಗರ್ ಕಂಟ್ರೋಲಿಗೆ ಬಂದದ್ದು ಅದರಿಂದಲೇ ಎಂದು ಅಮ್ಮ ಇವತ್ತಿಗೂ ಹೇಳುತ್ತಾರೆ.

ನಾನು ಏಣಿ ಎಂದಾಗ ಸಿಸ್ಟರ್ ಕನ್ನಡಕ ಮಡಚಿ ಪುಸ್ತಕದ ಮೇಲೆ ಇಟ್ಟರು. ಅಂಗಳದಲ್ಲಿ ಒಣಗಲು ಹಾಕಿದ್ದ ರಬ್ಬರ್ ಶೀಟುಗಳನ್ನು ನೋಡುತ್ತಾ ಕೂತರು. ವಾರ್ಷಿಕೋತ್ಸವ ಆದ ಮರುದಿನ ಅವರು ಊರು ಬಿಟ್ಟು ಇರಿಟ್ಟಿಗೆ ಹೋಗುವುದು ಆಗಲೇ ಗೊತ್ತಾಗಿತ್ತು. ಅವರು ಹೋದ ಮೇಲೆ ಆ ಏಣಿ ನಮ್ಮ ಶೆಡ್ಡಿನಲ್ಲಿ, ಅಪ್ಪನ ಎದೆಯ ಮೇಲೆ, ಶಾಶ್ವತ.

"ಹಾಗಾದ್ರೆ ಏಣಿ ಅಂತ ಬರಿ" ಎಂದರು. "ಬಂದವನ ಏಣಿ ರೋಗಿಯ ಮನೇಲಿ ಉಂಟು. ಕಾಲು ಮುರಿದು ಮಲಗಿದವನತ್ರ ಏಣಿ ಕೇಳುದು ಹೇಗೆ? ಕೇಳದೆ ಹೋಗುದು ಹೇಗೆ? ಸಾಕು, ಒಂದು ನಾಟಕಕ್ಕೆ."

ಇಪ್ಪತ್ತಮೂರು ಡಯಲಾಗನ್ನೂ ಅವರು ಹೊಡೆದುಹಾಕಿದರು. ನನ್ನ ರಕ್ತ ಹರಿದಷ್ಟು ನೋವಾಯಿತು. ಆದರೆ ಹೊಸದಾಗಿ ಬರೆದದ್ದನ್ನು ಮೊದಲ ಸಲ ಓದಿದಾಗ ಸಚಿನ ಮಲಗಿದಲ್ಲಿಂದ ನಗುತ್ತಾ ಕೆಳಗೆ ಬಿದ್ದ. ಬಂದವನು ಏಣಿ ಎಂಬ ಶಬ್ದವನ್ನೇ ಎತ್ತುವುದಿಲ್ಲ. "ಡಾಕ್ಟ್ರು ಎಷ್ಟನೇ ಮಾಳಿಗೇಲಿ ಕೂರುದು?" ಎಂದು ಕೇಳುತ್ತಾನೆ. "ಇನ್ನು ಆರು ತಿಂಗಳು ನೀವು ಎಂತದಕ್ಕೂ ಹತ್ಲಿಕ್ಕಿಲ್ಲ ಅಲ್ವಾ?" ಎನ್ನುತ್ತಾನೆ. ಮೂಸಂಬಿ ಸುಲಿಯುತ್ತಾ, "ನಮ್ಮಲ್ಲಿ ಮೆಣಸು ಹಣ್ಣಾಗಿದೆ. ಕೆಳಗಿನದ್ದು ಕೊಯ್ದಾಯ್ತು. ಮೇಲಿನದ್ದು ಹಕ್ಕಿಗೆ" ಎಂದು ನಿಟ್ಟುಸಿರು ಬಿಡುತ್ತಾನೆ. ರೋಗಿಗೆ ಎಲ್ಲವೂ ಗೊತ್ತು. ಅವನು, "ಹಕ್ಕಿಗೂ ಬೇಕಲ್ಲ, ಪುಣ್ಯ ಬರ್ತದೆ" ಎನ್ನುತ್ತಾನೆ. ಯಾರೂ ಜನರ ಕಡೆ ತಿರುಗಿ ಕೈ ಅಡ್ಡ ಹಿಡಿಯದೆಯೇ ಇಬ್ಬರ ಹೊಟ್ಟೆಯೂ ಗಾಜಿನದ್ದಾಯಿತು. ನಾನು ಹದಿನೇಳು ವರ್ಷ ಊರವರ ಮಾತು ಕೇಳಿದ್ದೆ. ಕೇಳಿಸಿದ್ದು ಆ ದಿನ.

ನಗಿಸುವ ಚಟ ಬಿಡುತ್ತದೆಯೇ? ನಾನು ಒಂದು ಕಡೆ, "ಮೆಟ್ಟಿಲಿಗೆ ಟಯರಿನ ತುಂಡು ಹೊಡೆದ ಹಾಗೆ" ಎಂದು ಸೇರಿಸಿದೆ. ಸಿಸ್ಟರ್ ಅದನ್ನು ಕಂಡ ಕೂಡಲೇ ಅಡ್ಡಗೆರೆ ಎಳೆದರು.

"ಅದು ಬೇಡ. ಅದು ಇದ್ರೆ ಇದು ನಿಮ್ಮ ಮನೆ ಆಗ್ತದೆ. ಇಲ್ದಿದ್ರೆ ಎಲ್ರ ಮನೆಯೂ ಆಗ್ತದೆ. ನಿನ್ನ ಅಪ್ಪನನ್ನು ನಾಲ್ಕು ಜನರ ಎದುರು ನಿಲ್ಸಿ ನಗ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಒಂದು ದಿನ ಸಚಿನ ಹಲ್ಲು ಕೀಳಿಸಲು ಪುತ್ತೂರಿಗೆ ಹೋಗಿದ್ದ. ರಿಹರ್ಸಲ್ ನಿಲ್ಲಬಾರದು ಎಂದು ಸಿಸ್ಟರ್, "ನೀನು ಇವತ್ತು ರೋಗಿಯಾಗು, ಬಂದವ ನಾನಾಗ್ತೇನೆ" ಎಂದರು. ಶಾಲೆಯ ಬೆಂಚಿನ ಮೇಲೆ ಮಲಗಿದೆ. ಉಳಿದ ಹುಡುಗರು ಸುತ್ತ ಕೂತಿದ್ದರು. ಮೊದಲ ನಾಲ್ಕು ಮಾತು ಪುಸ್ತಕದಲ್ಲಿದ್ದ ಹಾಗೆಯೇ ಆಯಿತು. ಆಮೇಲೆ ಅವರು ಪುಸ್ತಕ ಬಿಟ್ಟರು.

"ಮಲಗುವ ಜಾಗ ಬೆಚ್ಚಗೆ ಉಂಟಲ್ಲ? ಮಳೆಗೆ ಸೋರುದಿಲ್ಲ ಅಲ್ವಾ?"

ನಾನು ಅವರ ಮುಖ ನೋಡಿದೆ. ಅವರು ಇಲ್ಲದ ಮೂಸಂಬಿಯನ್ನು ಸುಲಿಯುತ್ತಿದ್ದರು.

"ಇಲ್ಲ. ಹೋದ ವರ್ಷ ಹೊಸ ಶೀಟು ಹಾಕಿದ್ದು" ಎಂದೆ.

"ನೆಲಕ್ಕೆ ತಾಗಿ ಮಲಗ್ಬಾರ್ದು ನೋಡಿ. ಗೆದ್ದಲು ಹಿಡೀತದೆ."

ಹುಡುಗರು ಕಿಸಕ್ಕೆಂದರು. ಮನುಷ್ಯನಿಗೆ ಗೆದ್ದಲು!

"ನೆಲಕ್ಕೆ ತಾಗುದಿಲ್ಲ. ಎರಡು ಕಲ್ಲು ಇಟ್ಟು ಮೇಲೆ ಮಲಗ್ಸಿದ್ದಾರೆ. ತಿಂಗಳಿಗೊಮ್ಮೆ ಎಣ್ಣೆ ಉಜ್ತಾರೆ."

"ಯಾರು?"

"ಮನೆ ಯಜಮಾನ್ರೇ. ಬೇರೆ ಯಾರನ್ನೂ ಮುಟ್ಲಿಕ್ಕೆ ಬಿಡುದಿಲ್ಲ."

"ಎಂತ ಎಣ್ಣೆ?"

"ಗೇರೆಣ್ಣೆ. ಗೆದ್ದಲು ಹತ್ರ ಬರುದಿಲ್ಲ."

"ರೋಗಿಗೆ ಗೇರೆಣ್ಣೆಯಾ ಮಾರಾಯ? ಚರ್ಮ ಸುಟ್ಟು ಹೋದೀತು!" ಎಂದು ಒಬ್ಬ ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಿಸ್ಟರೂ ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಸೀರೆಯ ಅಂಚಿನಲ್ಲಿ ಒರೆಸಿದರು. ಒರೆಸಿ ಮುಗಿಯಲು ತುಂಬ ಹೊತ್ತು ಬೇಕಾಯಿತು. "ಇವತ್ತಿಗೆ ಸಾಕು" ಎಂದರು.

ಮನೆಗೆ ಬರುವ ದಾರಿಯಲ್ಲಿ ನಾನೇ ಬಾಯಿಬಿಟ್ಟೆ. "ಸಿಸ್ಟರೇ, ನೀವು ಒಂದು ಮಾತು ಕೇಳಿದ್ರೆ ಅಪ್ಪ ಅರ್ಧ ಗಂಟೇಲಿ ತಂದು ಕೊಡ್ತಾರೆ."

"ಕೇಳಿದ್ರೆ ಏಣಿ ಬರ್ತದೆ. ನಿನ್ನಪ್ಪ ಮತ್ತೆ ಈ ಜನ್ಮದಲ್ಲಿ ನನ್ನ ಮುಖ ನೋಡ್ಲಿಕ್ಕಿಲ್ಲ. ಅವರು ಕೇಳಿದ ಮೇಲೆ ಕೊಟ್ಟೆ ಅಂತ ಕೊರಗ್ತಾರೆ." ದಾರಿಗೆ ಬಿದ್ದಿದ್ದ ಒಂದು ತೆಂಗಿನ ಗರಿಯನ್ನು ಬದಿಗೆ ಸರಿಸಿದರು. "ಚೇಟನ್‌ಗೆ ಇಲ್ಲಿ ಸ್ನೇಹಿತ ಅಂತ ಇದ್ದದ್ದು ನಿನ್ನಪ್ಪ ಒಬ್ರೇ ಮೋನೇ. ಏಣಿ ನನಗೆ ಬೇಕು. ಅದ್ರಲ್ಲಿ ಅವರ ಕೈ ಉಂಟು. ಆದ್ರೆ ಆ ಒಬ್ಬ ಸ್ನೇಹಿತನನ್ನು ಕಳ್ಕೊಂಡು ಏಣಿ ತಗೊಂಡು ಹೋದ್ರೆ, ಅಲ್ಲಿ ನಾನು ಅದಕ್ಕೆ ಹತ್ತಿ ನೋಡುದು ಎಂತದನ್ನು?"

ನನಗೆ ಸಾಮಾನ್ಯವಾಗಿ ಎಲ್ಲದಕ್ಕೂ ಉತ್ತರ ಇರುತ್ತದೆ. ಆ ದಿನ ಅವರ ಚೀಲ ಹೊತ್ತುಕೊಂಡು ಅವರ ಗೇಟಿನವರೆಗೂ ಕೇಳುತ್ತಲೇ ನಡೆದೆ. ಅದನ್ನೂ ನಾನು ಅವರಿಗೆ ಕೊಡಬೇಕಾದ ಕೃತಜ್ಞತೆಯಲ್ಲೇ ಸೇರಿಸುತ್ತೇನೆ. ಅವರ ಪರಿಚಯ ಆಗದೇ ಹೋಗಿದ್ದರೆ ನಾನು ಇವತ್ತಿಗೂ ಎಲ್ಲರ ಮಾತಿನ ಮಧ್ಯೆ ನನ್ನ ಮಾತಿಗೆ ಜಾಗ ಹುಡುಕುತ್ತಾ ಇರುತ್ತಿದ್ದೆ. ಈಗಲೂ ಹುಡುಕುತ್ತೇನೆ, ಸುಳ್ಳು ಯಾಕೆ? ಆದರೆ ಈಗ ಮಧ್ಯೆ ಮಧ್ಯೆ ಕೇಳಿಸಿಕೊಳ್ಳುತ್ತೇನೆ ಕೂಡ. ಅಂಗಡಿಯಲ್ಲಿ ಒಬ್ಬರು ಮೂರು ಸಲ ಸಕ್ಕರೆಯ ರೇಟು ಕೇಳಿದರೆ ಅವರಿಗೆ ಬೇಕಾದದ್ದು ಸಕ್ಕರೆ ಅಲ್ಲ ಎಂದು ತಿಳಿಯುವಷ್ಟು.

ನಾಟಕ ಭಾನುವಾರ ಮಧ್ಯಾಹ್ನ, ಶಾಲೆಯ ಹಾಲಿನಲ್ಲಿ. ನನಗಿದ್ದ ಭಯ ಒಂದೇ, ಅಪ್ಪ. ಟಯರಿನ ತುಂಡು ಇಲ್ಲದಿದ್ದರೂ ಅಪ್ಪ ಈ ನಾಟಕ ನೋಡಿದರೆ ಕತೆ ಮುಗಿಯಿತು. ಒಂದೋ ಅವರು ಸಿಸ್ಟರನ್ನು ಮತ್ತೆ ಮಾತಾಡಿಸುವುದಿಲ್ಲ, ಇಲ್ಲವೇ ನನ್ನನ್ನು ಮತ್ತೆ ಸ್ಟೇಜ್ ಹತ್ತಿಸುವುದಿಲ್ಲ. ಎರಡೂ ಆಗುವ ಸಾಧ್ಯತೆ ಹೆಚ್ಚು. ಅದೃಷ್ಟಕ್ಕೆ ಅದೇ ದಿನ ಕಬಕದಲ್ಲಿ ಒಂದು ಗೃಹಪ್ರವೇಶ ಇತ್ತು.

"ಅಪ್ಪ, ಕಬಕದಲ್ಲಿ ಎರಡು ಬಗೆ ಪಾಯಸ ಅಂತೆ. ನೀವು ಬರುವಾಗ ಎಷ್ಟು ಗಂಟೆ ಆಗ್ತದೆ?" ಎಂದು ಬೆಳಿಗ್ಗೆ ಕೇಳಿದೆ. ಚಾ ಕುಡಿಯುವಾಗ, "ಆ ಕಡೆ ರಸ್ತೆ ಸರಿ ಇಲ್ಲ ಅಲ್ವಾ, ಬರುವಾಗ ಸಂಜೆ ಆಗ್ತದಲ್ಲ?" ಎಂದೆ. ಅವರು ನಮ್ಮ ಜೀಪಿಗೆ ಕಾಲಿಡುವಾಗ, "ಅರ್ಜೆಂಟ್ ಮಾಡಿ ಬರ್ಬೇಡಿ ಆಯ್ತಾ, ಎಷ್ಟು ಗಂಟೆಗೆ ಬರ್ತೀರಿ?" ಎಂದೆ. ನಾಟಕಕಾರನಾದ ನಾನು ಕೈಯಾರೆ ಬರೆದುಕೊಂಡ ಡಯಲಾಗ್ ಇದು! ಮೂರನೆಯ ಸಲ ಕೇಳಿದಾಗಲೇ ಅಪ್ಪನಿಗೆ ವಾಸನೆ ಬಡಿದಿತ್ತಂತೆ. ಆಮೇಲೆ ಅಮ್ಮ ಹೇಳಿದರು.

ಹಾಲ್ ತುಂಬಿತ್ತು. ಮೊದಲ ಮಾತಿಗೇ ನಗು. ಡಾಕ್ಟರ ಮಾಳಿಗೆಗೆ ನಗು. ಹಕ್ಕಿಯ ಪುಣ್ಯಕ್ಕೆ ಹಿಂದಿನ ಸಾಲಿನಲ್ಲಿ ಒಬ್ಬರು ಕೆಮ್ಮಿ ಕೆಮ್ಮಿ ಹೊರಗೆ ಹೋದರು. ನಗು ಎನ್ನುವುದು ನನಗೆ ಹೆಂಡದ ಹಾಗೆ. ಇನ್ನೂ ಬೇಕು ಅನ್ನಿಸಿತು. ಸಚಿನನ ಮಾತು ಮುಗಿದ ಕೂಡಲೇ, ಪುಸ್ತಕದಲ್ಲಿ ಇಲ್ಲದ್ದು, ಸಿಸ್ಟರ್ ಅಡ್ಡಗೆರೆ ಎಳೆದದ್ದು, ನನ್ನ ಬಾಯಿಯಿಂದ ಹೊರಟಿತು. "ಜಾರ್ಲಿಕ್ಕಿಲ್ಲ, ಪ್ರತಿ ಮೆಟ್ಟಿಲಿಗೂ ಟಯರಿನ ತುಂಡು ಹೊಡೆದದ್ದುಂಟು!"

ಹಾಲ್ ಸಿಡಿದುಹೋಯಿತು ಎನ್ನುವಷ್ಟು ನಗು. ಸೈಡ್‌ವಿಂಗಿನಲ್ಲಿ ಟಾರ್ಚ್ ಆರಿತು. ಅದೇ ಹೊತ್ತಿಗೆ ನಾನು ಬಾಗಿಲ ಕಡೆ ನೋಡಿದೆ. ಗೃಹಪ್ರವೇಶದ ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಅ‌ಪ್ಪ ನಿಂತಿದ್ದರು. ನಗದೆ ಇದ್ದವರು ಇಡೀ ಹಾಲಿನಲ್ಲಿ ಅವರೊಬ್ಬರೇ. ಒಂದು ಕ್ಷಣ ಸ್ಟೇಜನ್ನು ನೋಡಿದರು. ತಿರುಗಿ ಹೊರಟುಹೋದರು.

ನನಗೆ ಮುಂದಿನ ಮಾತು ಮರೆತುಹೋಯಿತು. ಸಚಿನ ಮಲಗಿದಲ್ಲಿಂದಲೇ, "ಮುಂದೆ ಹೇಳೋ" ಎಂದು ನನ್ನ ಮೊಣಕಾಲಿಗೆ ಒದ್ದ. ಸಿಸ್ಟರ್ ಮತ್ತೆ ಟಾರ್ಚ್ ಹಾಕಿ ಸಾಲು ಹೇಳಿಕೊಟ್ಟರು. ಅವರ ಸ್ವರದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಮಲಯಾಳದಲ್ಲಿ ಒಂದು ಬೈದಿದ್ದರೂ ಸಾಕಿತ್ತು. ಚೇಟನ್‌ಗೆ ಇದ್ದ ಆ ಒಬ್ಬ ಸ್ನೇಹಿತನನ್ನು ನಾನು ಒಂದು ಚಪ್ಪಾಳೆಗೆ ಮಾರಿದ್ದೆ. ಹೇಳಿಕೊಟ್ಟದ್ದನ್ನು ಗಿಳಿಯ ಹಾಗೆ ಹೇಳುತ್ತಾ ಹೋದೆ. ಜನ ಈಗಲೂ ನಗುತ್ತಿದ್ದರು. ನಾನು ಮಾತ್ರ ಬಾಗಿಲನ್ನೇ ನೋಡುತ್ತಿದ್ದೆ.

ಕೊನೆಯ ದೃಶ್ಯಕ್ಕೆ ಬಂದೆವು. ಬಂದವನು ಎದ್ದು, ಹೊರಡುವ ಹಾಗೆ ಮಾಡಿ, ಮತ್ತೆ ಕೂರಬೇಕು. ನಾನು ಎದ್ದೆ. ಹಾಲಿನ ಹಿಂದಿನಿಂದ ಕುರ್ಚಿಗಳು ಸರಿಯುವ ಸದ್ದು ಬಂತು. ಸಾಲುಗಳ ಮಧ್ಯದಿಂದ ಒಂದು ಏಣಿಯ ತುದಿ ಬರುತ್ತಿತ್ತು. ಮಂಡಲದ ಅಧ್ಯಕ್ಷರು ತಲೆ ಬಗ್ಗಿಸಿದರು. ಅವರ ಹಿಂದಿದ್ದವರೂ ಬಗ್ಗಿಸಿದರು. ಏಣಿ ಮುಗಿದ ಮೇಲೆ ಅಪ್ಪ ಬಂದರು. ಶಾಲು ಹೆಗಲಿಗೆ ಸುತ್ತಿ, ಅದರ ಮೇಲೆ ಬಿದಿರು ಇಟ್ಟಿದ್ದರು. ಬಿಳಿ ಪಂಚೆಗೆ ಎಣ್ಣೆಯ ಕಪ್ಪು ಹಿಡಿದಿತ್ತು. ಜನ ಇದೂ ನಾಟಕದಲ್ಲೇ ಉಂಟು ಎಂದುಕೊಂಡರು. ಎದ್ದು ನಿಂತು ಚಪ್ಪಾಳೆ ಹೊಡೆದರು, ಸೀಟಿ ಹಾಕಿದರು. ನನ್ನ ಜನ್ಮದಲ್ಲಿ ನನಗೆ ಅಷ್ಟು ಚಪ್ಪಾಳೆ ಬಿದ್ದದ್ದಿಲ್ಲ.

ಅಪ್ಪ ಯಾರನ್ನೂ ನೋಡಲಿಲ್ಲ. ಏಣಿಯನ್ನು ಸ್ಟೇಜಿಗೆ ಒರಗಿಸಿ ನಿಲ್ಲಿಸಿದರು. ಸಿಸ್ಟರ್ ಸೈಡ್‌ವಿಂಗಿನಿಂದ ಈಚೆ ಬಂದರು. ಕೈಯಲ್ಲಿ ನಾಟಕದ ಪುಸ್ತಕ. ಹೊಡೆಯುತ್ತಿದ್ದ ಚಪ್ಪಾಳೆ ತನ್ನಷ್ಟಕ್ಕೆ ಕಡಿಮೆಯಾಯಿತು.

"ಸಿಸ್ಟರೇ" ಎಂದರು ಅಪ್ಪ. ಎರಡು ವರ್ಷದ ಮೇಲೆ ಅವರ ಮುಖ ನೋಡಿ ಹೇಳಿದ ಮೊದಲ ಶಬ್ದ. "ಚೇಟನ್ ಹತ್ರ ಎರಡು ದಿವಸಕ್ಕೆ ಅಂತ ತಗೊಂಡದ್ದು."

ಸಿಸ್ಟರ್ ಬಗ್ಗಿ, ಮೇಲಿನ ಮೆಟ್ಟಿಲಿನ ಮೇಲೆ ಅಂಗೈ ಇಟ್ಟರು. ಹಾಗೆಯೇ ಇಟ್ಟುಕೊಂಡು ಕೇಳಿದರು. "ಇರಿಟ್ಟಿ ಬಸ್ಸಿನ ಮೇಲೆ ಇದನ್ನು ಹಾಕ್ಲಿಕ್ಕೆ ಬಿಡ್ತಾರಾ?"

"ಬಸ್ಸು ಎಂತಕ್ಕೆ?" ಅಪ್ಪನ ಸ್ವರ ಒಮ್ಮೆಲೇ ಗಟ್ಟಿಯಾಯಿತು. "ನಾಳೆ ಜೀಪಿಗೆ ಕಟ್ಟಿ ನಾನೇ ಬಿಟ್ಟು ಬರ್ತೇನೆ. ನಿಮ್ಮ ಸಾಮಾನೂ ಅದ್ರಲ್ಲೇ ಹೋಗ್ಲಿ."

"ಹಾಗಾದ್ರೆ ಬೆಳಿಗ್ಗೆ ತಿಂಡಿ ನಮ್ಮಲ್ಲೇ."

"ಆಯ್ತು."

ಆಗ ಅಪ್ಪ ಮೊದಲ ಸಲ ನನ್ನ ಕಡೆ ತಿರುಗಿದರು. ನಾನು ಅಂಟುಮೀಸೆ ಹಚ್ಚಿಕೊಂಡು, ಕೈಯಲ್ಲಿ ಒಂದು ಮೂಸಂಬಿ ಹಿಡಿದುಕೊಂಡು ನಿಂತಿದ್ದೆ. ನನ್ನ ಬಾಯಲ್ಲಿ ಇನ್ನೂ ನಾಲ್ಕು ಪುಟ ಡಯಲಾಗ್ ಬಾಕಿ ಇತ್ತು.

"ಸಾಕು ನಿನ್ನದು. ಇಳಿ ಕೆಳಗೆ" ಎಂದರು ಅಪ್ಪ. "ಆ ತುದಿ ಹಿಡಿ."